ಹೊಲಕ್ಕೆ ಹಾಕಿದ ಯೂರಿಯಾ ಎಲ್ಲಿ ಹೋಯಿತು?

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮೆಕ್ಕೆಜೋಳದ ಬೆಳೆಗಾರರು ಕೇಳುವ ಪ್ರಶ್ನೆಯಿದು: ‘ಯೂರಿಯಾ ಚೆಲ್ಲಿ ಹೊಲದ ತುಂಬ ನೀರು ಬಿಟ್ಟೀವಿ, ಆದ್ರೂ ಎಲೆ ಹಳದಿ ಆಗ್ತಾವಲ್ಲ, ಯಾಕ್ರೀ?’ ಉತ್ತರದ ಅರ್ಧ ಆ ಪ್ರಶ್ನೆಯಲ್ಲೇ ಇದೆ. ಹೊಲದ ತುಂಬ ಬಿಟ್ಟ ನೀರೇ ಎಷ್ಟೋ ಸಲ ಸಾರಜನಕವನ್ನು ಬೇರಿಗೆ ಸಿಗದಂತೆ ಮಾಡುತ್ತದೆ.

45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಶೇ 46, ಅಂದರೆ 20.7 ಕಿಲೋ. ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಇದು ಧನ ವಿದ್ಯುದಂಶದ್ದು, ಜೇಡಿಕಣ ಋಣ ವಿದ್ಯುದಂಶದ್ದು. ಹಾಗಾಗಿ ಮಣ್ಣು ಇದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅಮೋನಿಯಂ ಅಲ್ಲಿಗೇ ನಿಲ್ಲುವುದಿಲ್ಲ, ನೈಟ್ರೇಟ್ ಆಗುತ್ತದೆ.

ಈ ಕೆಲಸ ಮಾಡುವವರು ಯಾರೆಂದು ತೋರಿಸಿದ್ದು 1877ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್. ಮರಳು, ಸುಣ್ಣಕಲ್ಲಿನ ಪುಡಿ ತುಂಬಿದ ಉದ್ದ ಕೊಳವೆಯೊಳಗೆ ಅವರು ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಅದರಲ್ಲಿದ್ದ ಅಮೋನಿಯಾ ಹೋದಂತೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಅಷ್ಟು ದಿನ ಕಾಯಬೇಕಿರಲಿಲ್ಲ. ಕ್ಲೋರೋಫಾರ್ಮ್ ಹಾಯಿಸಿದರು, ನೈಟ್ರೇಟ್ ನಿಂತಿತು. ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಕೊಳವೆಯಲ್ಲಿ ದುಡಿಯುತ್ತಿದ್ದುದು ಸೂಕ್ಷ್ಮಜೀವಿಗಳು! 1890ರ ಹೊತ್ತಿಗೆ ರಷ್ಯಾದ ವಿನೋಗ್ರಾಡ್‌ಸ್ಕಿ ಅವನ್ನು ಬೇರ್ಪಡಿಸಿಯೇ ತೋರಿಸಿದರು.

ಕೂಡ್ಲಿಗಿ ಕಡೆಯ ಮರಳು ಮಿಶ್ರಿತ ಮಸಾರಿ ಹೊಲದಲ್ಲಿ ನಡೆಯುವುದೂ ಇದೇ. ನೈಟ್ರೇಟ್‌ ಋಣ ವಿದ್ಯುದಂಶದ್ದಾದ್ದರಿಂದ ಜೇಡಿ ಅದನ್ನು ಹಿಡಿಯುವುದಿಲ್ಲ. ಬೋರ್‌ವೆಲ್ ನೀರು ಹೆಚ್ಚಾಗಿ ಕಟ್ಟಿದರೆ ನೀರಿನ ಜೊತೆ ಅದೂ ಬೇರು ದಾಟಿ ಇಳಿಯುತ್ತದೆ, ಕೊನೆಗೆ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಹಸುಗೂಸುಗಳಿಗೆ ಅಪಾಯ.

ಹಡಗಲಿಯ ಹೊಳೆ ದಂಡೆಯಂಥ ಕಡೆ ಎರೆ ಹೊಲದಲ್ಲಿ ನಷ್ಟದ ದಾರಿ ಬೇರೆ. ಅಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟಿನ ಆಮ್ಲಜನಕ ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತದೆ. ಸುಣ್ಣದಂಶ, ಕ್ಷಾರ ಹೆಚ್ಚಿರುವ ಎರೆ ಮಣ್ಣಿನ ಮೇಲೆ ಚೆಲ್ಲಿಬಿಟ್ಟ ಯೂರಿಯಾದ ಒಂದು ಪಾಲಂತೂ ಅಮೋನಿಯಾ ಆಗಿಯೇ ಹಾರಿಹೋಗುತ್ತದೆ.

2015ರಿಂದ ದೇಶದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಕಡ್ಡಾಯ. ಬೇವು ನೈಟ್ರೇಟ್ ಮಾಡುವ ಜೀವಿಗಳನ್ನು ನಿಧಾನಿಸುತ್ತದೆ, ಒಳ್ಳೆಯದೇ. ಆದರೆ ಮೇಲೆ ಬಿದ್ದ ಗೊಬ್ಬರ ಹಾರಿಹೋಗುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬೇವು ಇದೆಯೆಂದು ಚೆಲ್ಲಿ ಸುಮ್ಮನಾಗುವಂತಿಲ್ಲ.

ಹಾಗಾಗಿ ಮೇಲುಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತು ಮಾಡಿ. ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಿ, ಹದವಾಗಿ ನೀರು ಕೊಡಿ. ಮಸಾರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಯಿಸಿ. ಎರೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಎಲೆ ಹಳದಿಯಾದರೆ ಇನ್ನೊಂದು ಚೀಲ ತರುವ ಮೊದಲು ನೀರು ಕಟ್ಟುವ ರೀತಿ ಬದಲಿಸಿ ನೋಡಿ.