ಹಿಮ್ಮಡಿಯ ಸ್ನಾಯುರಜ್ಜುವಿನ ಗಾಯ: ಗುರುತಿಸುವಿಕೆ ಮತ್ತು ಚಿಕಿತ್ಸೆ

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ದಪ್ಪನೆಯ ಹುರಿಯಂತಹ ಭಾಗವನ್ನು ವೈದ್ಯರು ಅಕಿಲಿಸ್ ಟೆಂಡನ್ ಎನ್ನುತ್ತಾರೆ. ನಡೆಯಲು, ಏಣಿ ಹತ್ತಲು, ಹೊರೆ ಹೊತ್ತು ಸಾಗಲು ಇದರ ಬಲ ಅವಶ್ಯ. ಇದು ತುಂಡಾದುದನ್ನು ಉಳುಕೆಂದು ಕಡೆಗಣಿಸಿದಲ್ಲಿ ದುಡಿಯುವ ವ್ಯಕ್ತಿಗೆ ಶಾಶ್ವತ ಕುಂಟು ಉಳಿಯುವ ಸಂಭವವಿರುತ್ತದೆ.

ಗಾಯವಾಗುವ ಬಗೆ

ಕಬಡ್ಡಿ, ವಾಲಿಬಾಲ್ ಆಟಗಳಲ್ಲಿ ಹಠಾತ್ತನೆ ಜಿಗಿದಾಗ ಚರ್ಮ ಹರಿಯದೆಯೇ ರಜ್ಜು ತುಂಡಾಗಬಹುದು. ಅಭ್ಯಾಸ ತಪ್ಪಿದ, 30ರಿಂದ 50 ವರ್ಷ ವಯಸ್ಸಿನ ಪುರುಷರಲ್ಲಿ ಇದು ಹೆಚ್ಚು. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಹಾಗೂ ಸ್ಟೀರಾಯ್ಡ್ ಔಷಧಗಳ ಸೇವನೆಯಿಂದಲೂ ಅಪಾಯ ಹೆಚ್ಚುತ್ತದೆ.

ಕುಡುಗೋಲು, ಮಚ್ಚು ತಗುಲಿದಾಗ ಹಾಗೂ ಶೌಚಾಲಯದ ಬೇಸಿನ್‌ನೊಳಗೆ ಕಾಲು ಜಾರಿ, ಒಡೆದ ಪಿಂಗಾಣಿಯ ಅಂಚು ಸೀಳಿದಾಗಲೂ ರಜ್ಜು ಕತ್ತರಿಸಿಹೋಗುತ್ತದೆ. ಹೊರಗಿನ ಗಾಯ ಚಿಕ್ಕದಾಗಿ ಕಂಡರೂ ಒಳಗೆ ರಜ್ಜು ಪೂರ್ಣ ತುಂಡಾಗಿರಬಹುದು. ಆದ್ದರಿಂದ ಚರ್ಮಕ್ಕೆ ಮಾತ್ರ ಹೊಲಿಗೆ ಹಾಕಿಸಿಕೊಂಡು ಮರಳಬಾರದು.

ಲಕ್ಷಣಗಳು

1. ಹಿಂದಿನಿಂದ ಯಾರೋ ಒದ್ದಂತಹ ಅನುಭವ; ಕೆಲವೊಮ್ಮೆ ‘ಟಪ್’ ಎಂಬ ಶಬ್ದ.
2. ಆ ಕಾಲಿನ ಬೆರಳುಗಳ ಮೇಲೆ ನಿಲ್ಲಲಾಗದಿರುವುದು.
3. ಹಿಮ್ಮಡಿಗಿಂತ 2ರಿಂದ 6 ಸೆಂ.ಮೀ. ಮೇಲೆ ತಗ್ಗು ಮತ್ತು ಬಾವು.
4. ಬೋರಲು ಮಲಗಿಸಿ ಮೀನಖಂಡವನ್ನು ಅದುಮಿದಾಗ ಪಾದ ಅಲುಗದಿರುವುದು.

ಬೇರೆ ಸ್ನಾಯುಗಳ ನೆರವಿನಿಂದ ಗಾಯಾಳು ಕುಂಟುತ್ತ ನಡೆಯಬಲ್ಲನು, ಬೆರಳುಗಳನ್ನೂ ಆಡಿಸಬಲ್ಲನು. ಈ ಕಾರಣದಿಂದ ಗಾಯವಿಲ್ಲವೆಂದು ತೀರ್ಮಾನಿಸಬಾರದು.

ಪ್ರಥಮ ಚಿಕಿತ್ಸೆ

ನಡೆಸಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು, ಎಳೆಯಬಾರದು. ಪಾದದ ತುದಿ ಕೆಳಮುಖವಾಗಿರುವಂತೆ ಪಟ್ಟಿ ಕಟ್ಟಿ ಕಾಲನ್ನು ಎತ್ತರದಲ್ಲಿರಿಸಬೇಕು. ಚರ್ಮ ಹರಿಯದಿದ್ದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡಬಹುದು. ರಕ್ತ ಸುರಿಯುತ್ತಿದ್ದಲ್ಲಿ ಶುಭ್ರ ಬಟ್ಟೆಯಿಂದ ಒತ್ತಿಹಿಡಿದು 108ಕ್ಕೆ ಕರೆ ಮಾಡಬೇಕು. ಕೊಯ್ದ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಆಸ್ಪತ್ರೆಯ ಚಿಕಿತ್ಸೆ

ಮೂಳೆ ತಜ್ಞರು ಶಸ್ತ್ರಚಿಕಿತ್ಸೆಯನ್ನಾಗಲಿ, ಪ್ಲಾಸ್ಟರ್ ಅಥವಾ ವಿಶೇಷ ಬೂಟನ್ನಾಗಲಿ ಸೂಚಿಸುವರು. ಕೊಯ್ದ ಗಾಯಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನಾಲ್ಕು ವಾರ ಮೀರಿದಲ್ಲಿ ತುಂಡುಗಳು ದೂರ ಸರಿದು ಚಿಕಿತ್ಸೆ ಜಟಿಲವಾಗುತ್ತದೆ. ಶ್ರಮದ ಕೆಲಸಕ್ಕೆ ಮರಳಲು ಹಲವು ತಿಂಗಳು ಬೇಕು. ವ್ಯಾಯಾಮ ಚಿಕಿತ್ಸೆಯನ್ನು ಮಧ್ಯದಲ್ಲಿ ನಿಲ್ಲಿಸಬಾರದು.

ಸದಸ್ಯರು ವಹಿಸಬೇಕಾದ ಕ್ರಮ

• ಶಾಲೆ, ಅಂಗನವಾಡಿ ಹಾಗೂ ಸಮುದಾಯ ಶೌಚಾಲಯಗಳಲ್ಲಿನ ಬಿರುಕುಬಿಟ್ಟ ಬೇಸಿನ್‌ಗಳನ್ನು ಗುರುತಿಸಿ ಬದಲಾಯಿಸುವುದು. ಜಾರುವ ನೆಲವನ್ನು ಸರಿಪಡಿಸುವುದು.
• ಗ್ರಾಮೀಣ ಕ್ರೀಡಾಕೂಟಗಳಲ್ಲಿ ಆಟಕ್ಕೆ ಮುನ್ನ ಮೈ ಸಡಿಲಿಸುವ ವ್ಯಾಯಾಮ ಮಾಡಿಸುವುದು.
• ಗಾಯಾಳುಗಳನ್ನು ವಿಳಂಬವಿಲ್ಲದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದು; ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ ಒಯ್ದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಅಲ್ಲಿಯೇ ವಿಚಾರಿಸುವಂತೆ ತಿಳಿಸುವುದು.