ಪಾಶ್ಚಾತ್ಯ ಕಲೆಯ ಮೊದಲ ಪಾಠ

ಪಾಶ್ಚಾತ್ಯ ಕಲೆಯ ಇತಿಹಾಸವೆಂದರೆ ಚಿತ್ರಕಾರರ ಹೆಸರು, ಇಸವಿಗಳ ಬಾಯಿಪಾಠವೆಂಬ ಭಾವನೆ ನಮ್ಮ ತರುಣರಲ್ಲಿಯೂ ಅವರ ಪೋಷಕರಲ್ಲಿಯೂ ಬೇರೂರಿದೆ. ಕಾಲೇಜಿನ ಪ್ರಥಮ ವರ್ಷದಲ್ಲಿ ಈ ವಿಷಯವನ್ನು ಆರಿಸಿಕೊಂಡವರು ಸಾಧಿಸಬೇಕಾದುದು ಮೂರು: ಕಣ್ಣಾರೆ ಕಂಡುದನ್ನು ಸ್ವಂತ ಮಾತಿನಲ್ಲಿ ವರ್ಣಿಸುವುದು, ಶೈಲಿಯ ಗುರುತಿನಿಂದ ಕೃತಿಯ ಕಾಲದೇಶಗಳನ್ನು ತಿಳಿಯುವುದು, ಅದನ್ನು ಯಾರು, ಯಾರಿಗಾಗಿ, ಏಕೆ ಮಾಡಿಸಿದರೆಂದು ವಿಚಾರಿಸುವುದು.

ಇದಕ್ಕಾಗಿ ಯುರೋಪಿಗೆ ಹೋಗಬೇಕಾಗಿಲ್ಲ. ನಮ್ಮಲ್ಲನೇಕರು ದಿನವೂ ಗಾಡಿಯಿಂದಿಳಿಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಂದರೆ ಹಿಂದಿನ ವಿ.ಟಿ., ಒಳ್ಳೆಯ ಪಠ್ಯಪುಸ್ತಕ. ಅದರ ಮೊನಚು ಕಮಾನುಗಳು ಮಧ್ಯಯುಗದ ಗೋಥಿಕ್ ಶೈಲಿಯವು. ಆದರೆ ಕಟ್ಟಡದ ಕೆಲಸ ಎಫ್. ಡಬ್ಲ್ಯೂ. ಸ್ಟೀವನ್ಸರ ಯೋಜನೆಯಂತೆ 1878ರಲ್ಲಿ ಆರಂಭವಾಯಿತು. ಅಲಂಕಾರದಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿದೆ. ಇಂಗ್ಲೆಂಡಿನ ರಾಣಿಯ ಹೆಸರು ಹೊತ್ತ ರೈಲ್ವೆ ನಿಲ್ದಾಣಕ್ಕೆ ಹಳೆಯ ಇಗರ್ಜಿಗಳ ರೂಪವೇಕೆ? ಹೀಗೆ ಕೇಳಿದಾಗಲೇ ಮೂರನೆಯ ಪಾಠ ಮೊದಲಾಗುತ್ತದೆ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಅದೇ ಕಲಾಶಾಲೆಯಲ್ಲಿ ಕಲಿತರು, ಅಲ್ಲಿಯೇ ಕಲಿಸಿದರು. ಮುಂದೆ ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿದರು. ಪಾಶ್ಚಾತ್ಯ ಪದ್ಧತಿಯನ್ನು ಚೆನ್ನಾಗಿ ಅರಿತ ಆ ಕೈಯೇ ನಮ್ಮ ನೃತ್ಯದ ಲಯವನ್ನು ರೇಖೆಯಲ್ಲಿ ಹಿಡಿಯಿತು. ಪರರ ಕಲೆಯನ್ನು ಬಲ್ಲವನಿಗೆ ಅದರಿಂದ ಏನನ್ನು ಪಡೆಯಬೇಕು, ಏನನ್ನು ಬಿಡಬೇಕೆಂಬ ಸ್ವಾತಂತ್ರ್ಯವಿರುತ್ತದೆ. ಅರಿಯದವನಿಗೆ ಅನುಕರಣೆ ಇಲ್ಲವೆ ತಿರಸ್ಕಾರವೇ ಗತಿ.

ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ಸಂಗ್ರಹಿಸಿದ ಯುರೋಪಿನ ಚಿತ್ರಗಳಿವೆ. ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಹೆಸರಿನ ಫಲಕವನ್ನು ಓದುವ ಮುನ್ನ ಅವರು ಚಿತ್ರವನ್ನು ನೋಡಲಿ.