ಬೇಗ ಸಿಗುವ ಊಟ, ಬೇಗ ಬರುವ ರೋಗ

ಭಾನುವಾರ ಸಂಜೆ ಒಲೆ ಹಚ್ಚುವುದು ಬೇಡ, ಪಿಜ್ಜಾ ತರಿಸೋಣ ಎನ್ನುವ ಮಾತು ಈಗ ದೊಡ್ಡ ನಗರಗಳಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಕೇಳಿಬರುತ್ತದೆ. ಮಕ್ಕಳ ಹುಟ್ಟುಹಬ್ಬ, ಪರೀಕ್ಷೆ ಪಾಸಾದ ಸಂತೋಷ, ರಜೆ ಸಿಕ್ಕ ದಿನ, ಎಲ್ಲಕ್ಕೂ ಬರ್ಗರ್, ಪಿಜ್ಜಾ, ಕರಿದ ಕೋಳಿ ಮಾರುವ ಸರಣಿ ಹೋಟೆಲುಗಳೇ ಗೊತ್ತಾದ ಜಾಗ. ‘ವಾರಕ್ಕೊಮ್ಮೆ ತಾನೇ ಡಾಕ್ಟ್ರೇ, ಏನಾಗುತ್ತದೆ?’ ಎಂದು ತಂದೆ-ತಾಯಂದಿರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮುನ್ನ ಈ ಹೋಟೆಲುಗಳು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು.

ಕಾರ್ಖಾನೆಯಾದ ಅಡುಗೆಮನೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ ಮೆಕ್‌ಡೊನಾಲ್ಡ್ ಸಹೋದರರು 1940ರಲ್ಲಿ ಒಂದು ಹೋಟೆಲು ತೆರೆದರು. 1948ರಲ್ಲಿ ಅವರು ಅದರ ರೀತಿಯನ್ನೇ ಬದಲಿಸಿದರು. ತಿಂಡಿಗಳ ಪಟ್ಟಿಯನ್ನು ಒಂಬತ್ತಕ್ಕೆ ಇಳಿಸಿದರು. ಬಡಿಸುವವರನ್ನೂ ತಟ್ಟೆ, ಚಮಚಗಳನ್ನೂ ತೆಗೆದುಹಾಕಿದರು. ಒಬ್ಬ ಬೇಯಿಸುವುದು, ಒಬ್ಬ ಕಟ್ಟುವುದು, ಒಬ್ಬ ಕೊಡುವುದು ಎಂದು ಕೆಲಸವನ್ನು ಕಾರ್ಖಾನೆಯಂತೆ ಹಂಚಿದರು. 1955ರಲ್ಲಿ ರೇ ಕ್ರಾಕ್ ಎಂಬ ವ್ಯಾಪಾರಿ ಈ ಪದ್ಧತಿಯನ್ನು ಊರೂರಿಗೆ ಹರಡಲು ತೊಡಗಿದರು. ಯಾವ ಊರಿನಲ್ಲಿ ತಿಂದರೂ ಒಂದೇ ರುಚಿ, ಕಾಯುವ ಗೋಜಿಲ್ಲ, ಕಡಿಮೆ ಬೆಲೆ. ಗೆಲುವಿಗೆ ಇಷ್ಟು ಸಾಕಾಯಿತು.

ನಮ್ಮ ದೇಶದಲ್ಲಿ ಈ ಅಲೆಯ ಮೊದಲ ಹೆಜ್ಜೆಗಳಲ್ಲಿ ಒಂದು ಬಿದ್ದದ್ದು ಬೆಂಗಳೂರಿನಲ್ಲಿ. ಜೂನ್ 1995ರಲ್ಲಿ ಕೆಂಟಕಿ ಫ್ರೈಡ್ ಚಿಕನ್ ಸಂಸ್ಥೆ ಬ್ರಿಗೇಡ್ ರಸ್ತೆಯಲ್ಲಿ ತನ್ನ ಮೊದಲ ಭಾರತೀಯ ಮಳಿಗೆ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘ ವಿರೋಧಿಸಿತು. ಅದೇ ವರ್ಷ ಮಹಾನಗರಪಾಲಿಕೆ ಅಜಿನೊಮೊಟೊ ಮಿತಿ ಮೀರಿದೆಯೆಂದು ಪರವಾನಗಿ ರದ್ದುಮಾಡಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿ ಮಳಿಗೆ ಮತ್ತೆ ತೆರೆಯಿತು. ಜನವರಿ 1996ರಲ್ಲಿ ಅದರ ಮೇಲೆ ದಾಳಿಯೂ ನಡೆಯಿತು. ಗಲಾಟೆಯೆಲ್ಲ ಅಜಿನೊಮೊಟೊ ಸುತ್ತಲೇ ಸುತ್ತಿದ್ದರಿಂದ ನಿಜವಾಗಿ ಗಮನಿಸಬೇಕಾದ ಉಪ್ಪು, ಕೊಬ್ಬು, ಸಕ್ಕರೆಗಳು ಚರ್ಚೆಗೆ ಹೆಚ್ಚು ಬರಲಿಲ್ಲ. ಅಡುಗೆಯಲ್ಲಿ ಬಳಸುವ ಸಾಮಾನ್ಯ ಪ್ರಮಾಣದಲ್ಲಿ ಅಜಿನೊಮೊಟೊ ಬಹುತೇಕ ಜನರಿಗೆ ಅಪಾಯಕಾರಿಯಲ್ಲ ಎಂಬುದು ಇಂದಿನ ತಿಳಿವಳಿಕೆ.

ವೇಗ ದೋಷವೇ?

ಬೇಗ ಸಿಗುವುದೇ ದೋಷವೆಂದು ಹೇಳಲಾಗದು. ನಮ್ಮ ದರ್ಶಿನಿಗಳಲ್ಲೂ ನಿಂತುಕೊಂಡೇ ಐದು ನಿಮಿಷದಲ್ಲಿ ತಿಂಡಿ ಮುಗಿಸಬಹುದು. ಆದರೆ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರ್ ಎಂದರೆ ಹುದುಗು ಬರಿಸಿ ಹಬೆಯಲ್ಲಿ ಬೇಯಿಸಿದ ಅಕ್ಕಿ, ಉದ್ದು, ತೊಗರಿಬೇಳೆ, ತರಕಾರಿ. ಅದೇ ದರ್ಶಿನಿಯಲ್ಲಿ ದಿನವೂ ಪೂರಿ, ವಡೆ, ಬೆಣ್ಣೆ ಸುರಿದ ದೋಸೆ ತಿಂದರೆ ಅದೂ ಒಳ್ಳೆಯದಲ್ಲ. ಆದ್ದರಿಂದ ಇದು ದೇಶಿ-ವಿದೇಶಿ ಜಗಳವಲ್ಲ. ಹೆಚ್ಚು ಅಗಿಯದೆ ನುಂಗಬಹುದಾದ, ಅಲ್ಪ ಪ್ರಮಾಣದಲ್ಲೇ ಅಧಿಕ ಕ್ಯಾಲೊರಿ ತುಂಬಿರುವ, ಮೇಲೆ ಸಿಹಿ ಪಾನೀಯ ಜೋಡಿಸಿದ ಊಟ ಯಾವುದೇ ಹೆಸರಿನಲ್ಲಿ ಬಂದರೂ ದೇಹ ಅದನ್ನು ಒಂದೇ ರೀತಿಯಲ್ಲಿ ಸ್ವೀಕರಿಸುತ್ತದೆ.

ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ಕರುಳಿನಲ್ಲಿ ಹುಟ್ಟುವ ಹಾರ್ಮೋನುಗಳು ಮಿದುಳಿಗೆ ತಲುಪಿಸುತ್ತವೆ. ಇದಕ್ಕೆ ಸುಮಾರು 15-20 ನಿಮಿಷ ಬೇಕು. ಮೃದುವಾದ ಬನ್ನು, ಚೀಸು, ಆಲೂಗಡ್ಡೆ ಚೂರುಗಳನ್ನು ಹತ್ತೇ ನಿಮಿಷದಲ್ಲಿ ಮುಗಿಸಿದಾಗ ಸುದ್ದಿ ಮುಟ್ಟುವಷ್ಟರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಒಳಗೆ ಹೋಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. 20 ಮಂದಿಗೆ ಎರಡು ವಾರ ಅತಿ ಸಂಸ್ಕರಿಸಿದ ಆಹಾರ, ಎರಡು ವಾರ ಸರಳ ಆಹಾರ ಕೊಟ್ಟರು. ಮುಂದಿಟ್ಟ ಊಟದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮನಾಗಿದ್ದವು. ಎಷ್ಟು ತಿನ್ನಬೇಕೆಂಬುದು ಅವರವರ ಇಷ್ಟ. ಸಂಸ್ಕರಿಸಿದ ಆಹಾರವನ್ನು ಅವರು ಬೇಗ ಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಸೇವಿಸಿದರು. ಎರಡೇ ವಾರದಲ್ಲಿ ಸರಾಸರಿ 900 ಗ್ರಾಂ ತೂಕ ಏರಿತು.

ಇದರ ಜೊತೆಗೆ 300 ಮಿಲಿ ಕೋಲಾದಲ್ಲಿ ಆರು ಚಮಚದಷ್ಟು ಸಕ್ಕರೆ ಇರುತ್ತದೆ. ಇನ್ನು ಉಪ್ಪು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೀಸು, ಸಾಸು, ಕರಿದ ತಿನಿಸು ಸೇರಿದ ಒಂದೇ ಊಟ ಇದರ ದೊಡ್ಡ ಪಾಲನ್ನು ತಿಂದುಹಾಕುತ್ತದೆ.

ಕತ್ತಿನ ಕಪ್ಪು ಕೊಳೆಯಲ್ಲ

ಮಗುವಿನ ಕತ್ತಿನ ಹಿಂಭಾಗ, ಕಂಕುಳು ಕಪ್ಪಗಾಗಿ ಚರ್ಮ ದಪ್ಪವಾಗುವುದನ್ನು ಕೆಲವು ತಾಯಂದಿರು ಕೊಳೆಯೆಂದು ತಿಳಿದು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ. ತೂಕ ಹೆಚ್ಚಿರುವ ಮಕ್ಕಳಲ್ಲಿ ಇದು ಬಹುಮಟ್ಟಿಗೆ ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂಬುದರ ಗುರುತು. ಇಂಥ ಮಕ್ಕಳ ಯಕೃತ್ತಿನಲ್ಲೂ ಕೊಬ್ಬು ಶೇಖರವಾಗಿರಬಹುದು. ಯಾವ ನೋವೂ ಇರುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ನಡುವಯಸ್ಸಿನವರ ಕಾಯಿಲೆ ಎನಿಸಿದ್ದ ಎರಡನೇ ಬಗೆಯ ಮಧುಮೇಹ ಈಗ ಇಪ್ಪತ್ತರ ಹರೆಯದಲ್ಲೂ ಕಾಣಿಸುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಮಂದಿ ಹೊಸ್ತಿಲಲ್ಲಿದ್ದಾರೆ. ಇದಕ್ಕೆಲ್ಲ ಬರ್ಗರೊಂದೇ ಕಾರಣವಲ್ಲ. ಆದರೆ ಕಡಿಮೆ ತೂಕದಲ್ಲೇ ಮಧುಮೇಹಕ್ಕೆ ತುತ್ತಾಗುವ ಮೈಕಟ್ಟು ನಮ್ಮದಾದ್ದರಿಂದ ನಾವು ಹೆಚ್ಚು ಎಚ್ಚರ ವಹಿಸಬೇಕು.

ಒಕಿನಾವಾದ ಪಾಠ

ಊಟದ ರೀತಿ ಬದಲಾದರೆ ಒಂದೆರಡು ಪೀಳಿಗೆಗಳಲ್ಲಿ ಏನಾಗಬಹುದು ಎಂಬುದಕ್ಕೆ ಜಪಾನಿನ ಒಕಿನಾವಾ ದ್ವೀಪ ಉದಾಹರಣೆ. ಗೆಣಸು, ಸೊಪ್ಪು, ಸೋಯಾ ತಿಂದು ದೀರ್ಘಾಯುಷಿಗಳೆಂದು ಹೆಸರಾದ ಜನ ಅಲ್ಲಿನವರು. ಎರಡನೇ ಮಹಾಯುದ್ಧದ ನಂತರ 1972ರವರೆಗೆ ದ್ವೀಪ ಅಮೆರಿಕದ ಆಡಳಿತದಲ್ಲಿತ್ತು. ಅಮೆರಿಕದ ಸರಣಿ ಹೋಟೆಲು ಅಲ್ಲಿಗೆ 1963ರಲ್ಲೇ ಬಂತು. ಜಪಾನಿನ ಮೊದಲ ಮೆಕ್‌ಡೊನಾಲ್ಡ್ಸ್ ಟೋಕಿಯೊದಲ್ಲಿ ತೆರೆದದ್ದು 1971ರಲ್ಲಿ. 1985ರಲ್ಲಿ ಆಯುರ್ಮಾನದಲ್ಲಿ ದೇಶಕ್ಕೇ ಮೊದಲಿಗರಾಗಿದ್ದ ಒಕಿನಾವಾದ ಪುರುಷರು 2000ದಲ್ಲಿ 47 ಪ್ರಾಂತ್ಯಗಳ ಪೈಕಿ 26ನೇ ಸ್ಥಾನಕ್ಕೆ ಕುಸಿದರು. ಹಳೆಯ ಊಟದ ವೃದ್ಧರು ಗಟ್ಟಿಯಾಗಿಯೇ ಇದ್ದರು. ಹೊಸ ಊಟಕ್ಕೆ ಒಗ್ಗಿದ ಮಕ್ಕಳ ಪೀಳಿಗೆ ಬೇಗ ಕಾಯಿಲೆಗೆ ಬಿತ್ತು. ಕಾರಿನ ಓಡಾಟ, ಕುಗ್ಗಿದ ನಡಿಗೆಯೂ ಇದರಲ್ಲಿ ಪಾಲುದಾರರು.

ಮನೆಯವರು ಮಾಡಬಹುದಾದದ್ದು

ಹಗಲೆಲ್ಲ ದುಡಿದು ಬಂದು ಮತ್ತೆ ಒಲೆಯ ಮುಂದೆ ನಿಲ್ಲಲಾರದ ತಾಯಿಯನ್ನು ದೂರುವುದು ಸಲ್ಲದು. ಅಡುಗೆ ಮನೆಯವರೆಲ್ಲರ ಕೆಲಸವಾಗಬೇಕು. ‘ಬೀದಿ ಬದಿಯದಕ್ಕಿಂತ ಅಲ್ಲಿ ಚೊಕ್ಕಟ’ ಎಂಬ ಮಾತಿನಲ್ಲೂ ಹುರುಳಿದೆ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ ಮಾರ್ಚ್ 2024ರಲ್ಲಿ ನಿಷೇಧಿಸಬೇಕಾಯಿತು. ಆದರೆ ಚೊಕ್ಕಟವಾದದ್ದೆಲ್ಲ ಪೌಷ್ಟಿಕವಲ್ಲ.

ಇನ್ನು ‘ವಾರಕ್ಕೊಮ್ಮೆ’ಯ ಪ್ರಶ್ನೆ. ಉಳಿದ ದಿನ ಮನೆಯೂಟ ಮಾಡಿ, ಮೈಮುರಿದು ಆಡುವ ಮಗುವಿಗೆ ಅಪರೂಪಕ್ಕೊಂದು ಬರ್ಗರ್‌ನಿಂದ ಕಾಯಿಲೆ ಬರುವುದಿಲ್ಲ. ಆದರೆ ಅದು ನಿಜಕ್ಕೂ ಅಪರೂಪವೇ ಎಂದು ನೋಡಿ. ಒಂದು ತಿಂಗಳು ಹೊರಗಿನಿಂದ ಬಂದದ್ದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇಕರಿಯ ಪಫ್, ಚಿಪ್ಸ್, ಕೋಲಾ, ಮೊಬೈಲಿನಲ್ಲಿ ತರಿಸಿದ ನೂಡಲ್ಸ್ ಎಲ್ಲವೂ ಸೇರಲಿ. ವಾರಕ್ಕೊಮ್ಮೆ ಎಂದುಕೊಂಡದ್ದು ನಾಲ್ಕು ದಿನವಾಗಿರುವುದು ಅಪರೂಪವಲ್ಲ.

* ಹೋದಾಗ ಚಿಕ್ಕ ಅಳತೆಯದನ್ನೇ ಕೊಳ್ಳಿ. ‘ಇನ್ನಿಷ್ಟು ಕೊಟ್ಟರೆ ದೊಡ್ಡದು’ ಎಂಬ ಆಸೆಗೆ ಬೀಳಬೇಡಿ.
* ಕೋಲಾ ಬದಲು ನೀರು. ಮನೆಗೆ ಬಂದು ಮಜ್ಜಿಗೆ.
* ಕೂತು, ಮಾತಾಡುತ್ತಾ, ನಿಧಾನವಾಗಿ ತಿನ್ನಿ. ಟಿ.ವಿ., ಮೊಬೈಲ್ ಬೇಡ.
* ಬಹುಮಾನವಾಗಿ ತಿನಿಸು ಕೊಡುವುದನ್ನು ಬಿಡಿ.
* ಪುರುಷರ ಸೊಂಟದ ಸುತ್ತಳತೆ 90 ಸೆಂ.ಮೀ., ಮಹಿಳೆಯರದು 80 ಸೆಂ.ಮೀ. ದಾಟಿದ್ದರೆ, ಮಗುವಿನ ಕತ್ತು ಕಪ್ಪಾಗಿದ್ದರೆ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ಏನನ್ನು ತಿನ್ನಬೇಕು ಎಂಬುದರ ಜೊತೆಗೆ ಯಾವಾಗ ನಿಲ್ಲಿಸಬೇಕು ಎಂಬ ಅರಿವೂ ಸೇರಿದೆ. ಮಕ್ಕಳು ಅದನ್ನು ಕಲಿಯುವುದು ಮನೆಮಂದಿಯ ಜೊತೆ ಕೂತು ಉಣ್ಣುವಾಗ. ದಿನಕ್ಕೆ ಒಂದು ಹೊತ್ತಾದರೂ ಹಾಗೆ ಕೂರಲು ಸಾಧ್ಯವೇ ಎಂದು ಈ ವಾರವೇ ಯೋಚಿಸಿ.